ಅಲುಗಾಡುವ ಕುರ್ಚಿ

ಕುರ್ಚಿ ಅಲುಗಾಡುತ್ತಿದೆ ಎಂದರೆ ನಮ್ಮಲ್ಲಿ ಒಳ್ಳೆಯ ಸುದ್ದಿಯಲ್ಲ. ಮಂತ್ರಿಯ ಕುರ್ಚಿ ಅಲುಗಾಡಿದರೆ ಪತ್ರಿಕೆಗಳಿಗೆ ಹಬ್ಬ; ಮನೆಯ ಕುರ್ಚಿ ಅಲುಗಾಡಿದರೆ ಬಡಗಿಗೆ ಕೆಲಸ. ಆದರೆ ಅಲುಗಾಡಲೆಂದೇ ಹುಟ್ಟಿದ ಕುರ್ಚಿಯೂ ಒಂದಿದೆ. ಅದೇ ಮರದ ತೂಗುಕುರ್ಚಿ. ಅದಕ್ಕಾಗಿ ಯಾರೂ ಚುನಾವಣೆಗೆ ನಿಂತದ್ದು ನಾನು ಕಾಣೆ. ಆದರೂ ನಮ್ಮ ಮನೆಯಲ್ಲಿ ಅದರ ಸಲುವಾಗಿ ಒಂದು ಸಣ್ಣ ಯುದ್ಧವೇ ಆಯಿತು. ಅದನ್ನು ಆಮೇಲೆ ಹೇಳುತ್ತೇನೆ.

ತೂಗಿಸಿಕೊಳ್ಳುವ ಆಸೆ ಮನುಷ್ಯನಿಗೆ ತೊಟ್ಟಿಲಲ್ಲೇ ಅಂಟಿಕೊಳ್ಳುತ್ತದೆ. ಜಿನೀವಾದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಮೆಲ್ಲಗೆ ತೂಗುವ ಹಾಸಿಗೆಯಲ್ಲಿ ಮಲಗಿದ ದೊಡ್ಡವರು ಸ್ಥಿರವಾದ ಹಾಸಿಗೆಯಲ್ಲಿ ಮಲಗಿದಾಗಿನಕಿಂತ ಬೇಗ ನಿದ್ದೆ ಹೋದರಂತೆ. ಜೋಗುಳ ಹಾಡಿದ ಯಾವ ತಾಯಿಗೆ ಇದು ಗೊತ್ತಿರಲಿಲ್ಲ ಹೇಳಿ! ತೊಟ್ಟಿಲು ಬಿಟ್ಟ ಮೇಲೆ ಉಯ್ಯಾಲೆ. ಮುಂಬೈಯ ಗುಜರಾತಿ ಮನೆಗಳಲ್ಲಿ ಇಂದಿಗೂ ನಡುಮನೆಯ ಹಿಂಚಕೋ ಮೇಲೆ ಕೂತೇ ಚಹಾ, ಕೂತೇ ವ್ಯಾಪಾರದ ಮಾತು. ಆದರೆ ಉಯ್ಯಾಲೆಗೆ ಗಟ್ಟಿ ತೊಲೆ ಬೇಕು. ಬಾಡಿಗೆ ಮನೆಯ ಸೂರಿಗೆ ಕೊಂಡಿ ಹೊಡೆಯಲು ಹೋದರೆ ಮಾಲಕರು ನಮ್ಮನ್ನೇ ಹೊರಗೆ ತೂಗುಹಾಕಿಯಾರು!

ತೂಗುಕುರ್ಚಿಗೆ ತೊಲೆಯ ಹಂಗಿಲ್ಲ. ಅದರ ಕಾಲುಗಳ ಕೆಳಗೆ ಬಿಲ್ಲಿನಂತೆ ಬಾಗಿದ ಎರಡು ಪಟ್ಟಿಗಳಿರುತ್ತವೆ, ಅಷ್ಟೇ. ಹಿಂದಕ್ಕೆ ವಾಲಿದಾಗ ಒಟ್ಟು ಭಾರದ ಕೇಂದ್ರ ತುಸು ಮೇಲೇಳುತ್ತದೆ; ಮೇಲೆದ್ದದ್ದು ಕೆಳಗೆ ಬರಲೇಬೇಕಲ್ಲ, ಕುರ್ಚಿ ಮುಂದಕ್ಕೆ ಬರುತ್ತದೆ; ಬಂದ ಭರಕ್ಕೆ ಮುಂದಕ್ಕೂ ವಾಲುತ್ತದೆ. ಬುಡ ಉರುಟಾದ ತಂಜಾವೂರಿನ ಬೊಂಬೆ ಬಿದ್ದು ಬಿದ್ದು ಏಳುವುದೂ ಇದೇ ಲೆಕ್ಕದಲ್ಲಿ. ನೆಲದ ತಿಕ್ಕಾಟದಲ್ಲಿ ಕಳೆದುಹೋಗುವ ಚೂರು ಶಕ್ತಿಯನ್ನು ಕಾಲಿನ ಹೆಬ್ಬೆರಳು ತುಂಬಿಕೊಟ್ಟರೆ ಸಾಕು.

ವಿಯೆನ್ನಾದ ಮಿಖಾಯೆಲ್ ಥೋನೆಟ್ ಬೀಚ್ ಮರವನ್ನು ಹಬೆಯಲ್ಲಿ ಬೇಯಿಸಿ, ಬೆತ್ತದಂತೆ ಬಗ್ಗಿಸಿ ಕುರ್ಚಿ ಮಾಡುವ ವಿದ್ಯೆಯನ್ನು ಕಾರ್ಖಾನೆಗೆ ತಂದ. 1860ರಲ್ಲಿ ಅವನ ಮೊದಲ ತೂಗುಕುರ್ಚಿ ಹೊರಬಂತು. ಮುಂಬೈಯ ಹಳೆಯ ಇರಾನಿ ಹೋಟೆಲುಗಳಲ್ಲಿ ನಾವು ಬನ್ ಮಸ್ಕಾ ತಿನ್ನುತ್ತ ಕೂರುವ, ಬೆನ್ನು ಬಾಗಿದ ಕುರ್ಚಿಗಳೂ ಇದೇ ವಂಶದವು. ಇನ್ನು ಅಮೆರಿಕದ ಅಧ್ಯಕ್ಷ ಕೆನಡಿಯವರಿಗೆ ವಿಪರೀತ ಬೆನ್ನುನೋವು. ಡಾಕ್ಟರ್ ಜಾನೆಟ್ ಟ್ರಾವೆಲ್ ಅವರ ಸಲಹೆಯಂತೆ ತೂಗುಕುರ್ಚಿ ಹಿಡಿದವರು ಶ್ವೇತಭವನಕ್ಕೂ ಅದನ್ನು ಒಯ್ದರು. 1996ರ ಹರಾಜಿನಲ್ಲಿ ಅವರ ಒಂದು ಕುರ್ಚಿ ನಾಲ್ಕೂವರೆ ಲಕ್ಷ ಡಾಲರಿಗೂ ಮೀರಿ ಹೋಯಿತು. ಅಧಿಕಾರದ ಕುರ್ಚಿ ಹಲವರ ಪಾಲಾಗಿದೆ; ಬೆಲೆ ಬಂದದ್ದು ಈ ಕುರ್ಚಿಗೆ.

ನಮ್ಮ ಮನೆಯದು ಸಾಗವಾನಿಯದು. ಅಜ್ಜ ಹುಬ್ಬಳ್ಳಿಯಲ್ಲಿದ್ದಾಗ ಹಳೆಯ ಸಾಮಾನಿನ ಲಿಲಾವಿನಲ್ಲಿ ಕೊಂಡದ್ದು. ಅಜ್ಜ ಹೋದ ಮೇಲೆ ಅಜ್ಜಿಯ ಜೊತೆ ಅದೂ ಮುಂಬೈಗೆ ಬಂತು. ಒಂದು ಖೋಲಿ, ಒಂದು ಅಡಿಗೆಮನೆ, ಜನ ಐದು. ತೂಗುಕುರ್ಚಿಗೆ ಒಂದು ಕುರ್ಚಿಯ ಜಾಗ ಸಾಲದು ನೋಡಿ; ಹಿಂದಕ್ಕೆ ಹೋಗುವ ಜಾಗ, ಮುಂದಕ್ಕೆ ಬರುವ ಜಾಗ ಎಲ್ಲವೂ ಅದರದೇ. ಅಜ್ಜಿ ಜಾರಿ ಬಿದ್ದು ಸೊಂಟದ ಎಲುಬು ಮುರಿದು, ಆಪರೇಷನ್ ಆದ ಮೇಲೆ ಮನೆ ಇನ್ನಷ್ಟು ಇಕ್ಕಟ್ಟಾಯಿತು. ಅಪ್ಪ ಒಂದು ದಿನ ಹಳೆಯ ಫರ್ನಿಚರ್ ಕೊಳ್ಳುವವನನ್ನು ಕರೆದುಕೊಂಡು ಬಂದರು.

"ಅವ್ವಾ, ನಿನಗ ಕಾಟ್ ಹಾಕಲಿಕ್ಕೆ ಜಾಗ ಬೇಕಲ್ಲ. ಇದನ್ನ ಕೊಟ್ಟಬಿಡೋಣು" ಅಂದರು.

ಅಜ್ಜಿ ಸಿಟ್ಟಾಗಲಿಲ್ಲ. ಮೆಲ್ಲಗೆ ಹೇಳಿದಳು: "ನೀವು ಎಬ್ಬಿಸಿದಾಗ ಏಳತೇನಿ, ಕೂಡಿಸಿದಾಗ ಕೂಡತೇನಿ. ಬಚ್ಚಲಕ್ಕ ಒಯ್ಯೋರು ನೀವು, ಹಾಸಿಗೀಗೆ ತರೋರೂ ನೀವು. ತಪ್ಪಂತ ಅನ್ನೂದಿಲ್ಲಪಾ. ಆದ್ರ ಇದೊಂದ ನೋಡು, ನಾ ಹೋಗು ಅಂದ್ರ ಹೋಗತದ, ನಿಲ್ಲು ಅಂದ್ರ ನಿಲ್ಲತದ."

ಬಂದವನಿಗೆ ಕನ್ನಡ ತಿಳಿಯದು. ಆದರೆ ಅಪ್ಪನ ಮುಖ ನೋಡಿ, ಚಹಾ ಕುಡಿದು ಎದ್ದು ಹೋದ. ಕುರ್ಚಿಯ ಬದಲು ಮನೆ ಬಿಟ್ಟದ್ದು ಟೀಪಾಯಿ ಮತ್ತು ನನ್ನ ಓದುವ ಮೇಜು. ಈ ಪ್ರಬಂಧವನ್ನು ಟ್ರಂಕಿನ ಮೇಲೆ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಸಂಪಾದಕರು ಕ್ಷಮಿಸಬೇಕು. ಅಜ್ಜಿ ಏಳುವಾಗ ಕುರ್ಚಿ ಹಿಂದೆ ಸರಿಯಬಾರದೆಂದು ಅವ್ವ ಪಟ್ಟಿಗಳ ಕೆಳಗೆ ಎರಡು ಬೆಣೆ ಕೊಡುತ್ತಾಳೆ. ಕೂತ ಮೇಲೆ ಅವನ್ನು ತೆಗೆಯುವುದು ನನ್ನ ಕೆಲಸ. ತೆಗೆದದ್ದೇ ತಡ, ಅಜ್ಜಿಯ ಹೆಬ್ಬೆರಳು ನೆಲ ಒತ್ತುತ್ತದೆ. "ಎಲ್ಲಿಗೆ ಹೊಂಟಿ ಅಜ್ಜಿ?" ಅಂತ ಕೇಳಿದರೆ, "ಹುಬ್ಬಳ್ಳಿಗೆ. ನೀ ಬರ್ತೀಯೇನು?" ಅನ್ನುತ್ತಾಳೆ.

ಎಷ್ಟು ತೂಗಿದರೂ ಎಲ್ಲಿಗೂ ಮುಟ್ಟಿಸದ ಕುರ್ಚಿ ಎಂದು ಇದನ್ನು ಹಾಸ್ಯ ಮಾಡುವವರಿದ್ದಾರೆ. ಮಾಡಲಿ. ದಾದರಿನಲ್ಲಿ ಲೋಕಲ್ ಹತ್ತುವ ನಮ್ಮನ್ನು ಗುಂಪೇ ಒಳಗೆ ನೂಕುತ್ತದೆ, ಗುಂಪೇ ಹೊರಗೆ ಚೆಲ್ಲುತ್ತದೆ. ಕಾಲೇಜು ಮುಟ್ಟುತ್ತೇವೆ ನಿಜ. ಆದರೆ ಒಂದು ಹೆಜ್ಜೆಯಾದರೂ ನಮ್ಮ ಮನಸ್ಸಿನಂತೆ ಇಟ್ಟೆವೇ? ನಿಮ್ಮ ಮನೆಯ ಮೂಲೆಯಲ್ಲೂ ಇಂಥದೊಂದು ಕುರ್ಚಿ ಇದ್ದರೆ, ಮಾರುವ ಮೊದಲು ಅದರಲ್ಲಿ ಕೂರುವವರನ್ನು ಒಂದು ಮಾತು ಕೇಳಿ.