ಹ್ಯಾವ್‌ಲಾಕ್‌ನಲ್ಲಿ ಬೇಗ ಕತ್ತಲು

ಅಂಡಮಾನ್‌ನ ಹ್ಯಾವ್‌ಲಾಕ್‌ಗೆ 2018ರಿಂದ ಸ್ವರಾಜ್ ದ್ವೀಪ ಎಂಬ ಹೆಸರು. ನಮ್ಮ ಮೈಸೂರಿನಂತೆ ಇದೂ ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಆದರೆ ಬಹಳ ಪೂರ್ವಕ್ಕಿರುವುದರಿಂದ ಡಿಸೆಂಬರ್‌ನಲ್ಲಿ ಸಂಜೆ ಸುಮಾರು 5ಕ್ಕೇ ಸೂರ್ಯ ಮುಳುಗುತ್ತಾನೆ.

ಕಾಡು ಮರಳಿನ ಅಂಚಿಗೇ ಬಂದು ನಿಂತಿರುವ ರಾಧಾನಗರ ಕಡಲತೀರದಲ್ಲಿ ಮಕ್ಕಳಿಗೆ ನೀರು ಬಿಟ್ಟು ಬರುವ ಮನಸ್ಸೇ ಇರುವುದಿಲ್ಲ. ಆದರೂ ಕತ್ತಲಾಗುವ ಮುಂಚೆ ದಡ ಸೇರಿ. ಅಂಡಮಾನ್‌ನ ತೊರೆಗಳಲ್ಲಿ ಉಪ್ಪುನೀರಿನ ಮೊಸಳೆಗಳಿವೆ; ರಾತ್ರಿ ಅವು ಹೆಚ್ಚು ಚುರುಕು. ಎಚ್ಚರಿಕೆಯ ಫಲಕವಿರುವಲ್ಲಿ ಹಗಲಲ್ಲೂ ನೀರಿಗಿಳಿಯಬೇಡಿ. ನೀರು ಒಳಕ್ಕೆ ಸೆಳೆದರೆ ಎದುರು ಈಜಿ ದಣಿಯಬಾರದು. ದಡದ ಉದ್ದಕ್ಕೆ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬರಬೇಕು. ಹವಳದ ಮೇಲೆ ಕಾಲಿಡಬೇಡಿ. ತರಚಿದ ಗಾಯ ಸುಲಭವಾಗಿ ಕೀವಾಗುತ್ತದೆ, ಹವಳವೂ ಸಾಯುತ್ತದೆ.

ದ್ವೀಪದಲ್ಲಿರುವುದು ಸಣ್ಣ ಆಸ್ಪತ್ರೆ. ದೊಡ್ಡ ಆಸ್ಪತ್ರೆಗೆ ಶ್ರೀ ವಿಜಯ ಪುರಂವರೆಗೆ (ಹಿಂದಿನ ಪೋರ್ಟ್ ಬ್ಲೇರ್) ಸಮುದ್ರ ದಾಟಬೇಕು. ಅದೂ ಹಡಗು ಇರುವ ಹೊತ್ತಿಗೆ. ಹಾಗಾಗಿ ಅಜ್ಜ ಅಜ್ಜಿಯ ನಿತ್ಯದ ಮಾತ್ರೆ, ಓಆರ್‌ಎಸ್ ಪೊಟ್ಟಣ, ಗಾಯದ ಮುಲಾಮು, ಸೊಳ್ಳೆಗೆ ಹಚ್ಚುವ ಕ್ರೀಮು ಕೈಚೀಲದಲ್ಲೇ ಇರಲಿ. ಬಿಸಿಲಿಗೆ ಟೋಪಿ, ಬಾಯಾರಿಕೆಗೆ ಎಳನೀರು. ಉಳಿದ ಹೊತ್ತೆಲ್ಲ ಕಡಲು ನಿಮ್ಮದೇ!