ಅರಿವೆ ಮತ್ತು ಔಷಧ

ಮನುಷ್ಯನು ಈ ಲೋಕಕ್ಕೆ ಬಂದೊಡನೆ ಅವನನ್ನು ಮೊದಲು ಮುಟ್ಟುವುದು ಸೂಲಗಿತ್ತಿಯ ಕೈ. ಅದರ ಹಿಂದೆಯೇ ಮೈಗೆ ಸುತ್ತುವ ಒಂದು ತುಂಡು ಅರಿವೆ. ಲೋಕವನ್ನು ಬಿಡುವ ದಿನವೂ ವೈದ್ಯನ ಕೈ ಸೋತ ಬಳಿಕ ಅವನ ಸಂಗಡ ಹೋಗುವುದು ಒಂದು ಅರಿವೆಯೇ. ಈ ಎರಡು ಗಡಿಗಳಲ್ಲಿ ಬಡವ ಬಲ್ಲಿದರ ಭೇದ ಹೆಚ್ಚು ಕಾಣದು. ಭೇದವಿರುವುದೆಲ್ಲ ನಡುವಿನ ಬಾಳಿನಲ್ಲಿ. ಆ ನಡುವಿನ ಬಾಳಿನಲ್ಲಿ ಔಷಧವೂ ಅರಿವೆಯೂ ಎಲ್ಲರಿಗೂ ನಿಲುಕಬೇಕೇ, ನಿಲುಕಬೇಕಾದರೆ ಯಾವ ರೀತಿಯಲ್ಲಿ, ಎಂಬ ಪ್ರಶ್ನೆ ಇಂದಿಗೂ ತೀರಿಲ್ಲ.

ಶರಣ ಪರಂಪರೆಯು ಈ ಎರಡನ್ನೂ ಬೇರೆಯಾಗಿ ಕಂಡಿಲ್ಲ. ಜೇಡರ ದಾಸಿಮಯ್ಯನು ನೇಯ್ದನು, ಮಡಿವಾಳ ಮಾಚಿದೇವನು ಬಟ್ಟೆಯನ್ನು ಶುಚಿಗೊಳಿಸಿದನು, ವೈದ್ಯ ಸಂಗಣ್ಣನು ರೋಗಿಗಳನ್ನು ಉಪಚರಿಸಿದನು. ಮೂವರೂ ವಚನಕಾರರು, ಮೂವರ ಕಾಯಕಕ್ಕೂ ಒಂದೇ ಗೌರವ. ಆಧುನಿಕ ಜಗತ್ತು ಇದೇ ಮಾತಿಗೆ ಬರಲು ಬಹುಕಾಲ ಬೇಕಾಯಿತು. 1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆಯು ಅಂಗೀಕರಿಸಿದ ಮಾನವ ಹಕ್ಕುಗಳ ಘೋಷಣೆಯ 25ನೆಯ ವಿಧಿಯಲ್ಲಿ ಆಹಾರ, ಉಡುಪು, ವಸತಿ, ವೈದ್ಯಕೀಯ ನೆರವು ಇವು ಒಂದೇ ಸಾಲಿನಲ್ಲಿ ನಿಂತಿವೆ. ಭಾರತದ ಸರ್ವೋಚ್ಚ ನ್ಯಾಯಾಲಯವು ಜೀವಿಸುವ ಹಕ್ಕಿನಲ್ಲಿ ಅನ್ನ, ಬಟ್ಟೆ, ಯೋಗ್ಯ ವಸತಿಗಳ ಹಕ್ಕೂ ಅಡಗಿದೆಯೆಂದು 1990ರಲ್ಲಿಯೂ, ತುರ್ತು ಚಿಕಿತ್ಸೆಯನ್ನು ಸಕಾಲದಲ್ಲಿ ಒದಗಿಸದಿರುವುದು ಆ ಹಕ್ಕಿನ ಉಲ್ಲಂಘನೆಯೆಂದು 1996ರಲ್ಲಿಯೂ ಹೇಳಿತು.

ತತ್ತ್ವದಲ್ಲಿ ವಿವಾದವಿಲ್ಲ. ಆದರೆ ಘೋಷಣೆಯು ಗುಡಿಸಲಿನ ಹೊಸ್ತಿಲನ್ನು ದಾಟುವಾಗ ಏನಾಗುತ್ತದೆ ಎಂಬುದನ್ನು ತಿಳಿಯಲು ಒಂದು ಮನೆಯ ಕಥೆಯನ್ನು ನೋಡಿದರೆ ಸಾಕು.

ಅಂದಿನ ವಿಜಾಪುರ ಜಿಲ್ಲೆಯಲ್ಲಿ, ಇಳಕಲ್ಲಿನ ಆಸುಪಾಸಿನ ಒಂದು ಊರು. ಅಲ್ಲೊಬ್ಬ ನೇಕಾರ. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತು, ಸಾವುಕಾರನು ಕೊಟ್ಟ ನೂಲನ್ನು ಸೀರೆಯಾಗಿ ನೇಯ್ದು ಕೂಲಿ ಪಡೆಯುವುದು ಅವನ ಬದುಕು. ಹೆಂಡತಿ ಕಂಡಿಕೆ ಸುತ್ತಿ ಕೊಡುತ್ತಿದ್ದಳು. ಇಳಕಲ್ ಸೀರೆಯ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆಯೆಳೆಯಾಗಿ ಕೊಂಡಿ ಹಾಕಿ ಜೋಡಿಸುವ ಕೆಲಸದಲ್ಲಿ ಆಕೆಯ ಬೆರಳು ಊರಿಗೆಲ್ಲ ಹೆಸರಾಗಿತ್ತು. ಚಿಕ್ಕಿ ಪರಾಸದ ದಡಿ, ಗೋಮಿ ದಡಿ, ರೇಶಿಮೆಯ ಸೆರಗು, ಇವೆಲ್ಲ ಅವಳ ಕೈಯಿಂದ ಹಾದು ಯಾರಾರ ಮದುವೆಗೋ ಹೋಗುತ್ತಿದ್ದುವು. ಅವಳಿಗಿದ್ದುದು ಎರಡು ಸೀರೆ. ಅವುಗಳಲ್ಲಿ ಒಂದು ಹರಿದು ಕೌದಿಗೆ ಸೇರಿತ್ತು. ಉಳಿದುದರ ಮೇಲೆ ತೇಪೆಯ ಮೇಲೆ ತೇಪೆ.

1967ರ ಸುಮಾರಿಗೆ ನೇಕಾರನಿಗೆ ಕೆಮ್ಮು ಹತ್ತಿತು. ಊರಿನಿಂದ ಎಂಟು ಮೈಲಿ ದೂರದ ದವಾಖಾನೆಯಲ್ಲಿ ಪರೀಕ್ಷಿಸಿ ಕ್ಷಯವೆಂದರು. ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮವು 1962ರಲ್ಲಿಯೇ ಆರಂಭವಾಗಿದ್ದುದರಿಂದ ಗುಳಿಗೆಗಳು ಧರ್ಮಾರ್ಥವಾಗಿಯೇ ದೊರೆಯುತ್ತಿದ್ದುವು. ಆದರೆ ಆ ಕಾಲದ ಚಿಕಿತ್ಸೆಯು ವರ್ಷಕ್ಕೂ ಮಿಗಿಲಾಗಿ ತಪ್ಪದೆ ನಡೆಯಬೇಕಾದುದು. ತಿಂಗಳಿಗೊಮ್ಮೆ ಹೋಗಿ ಗುಳಿಗೆ ತರಬೇಕು. ಗಂಡನು ನಡೆಯಲಾರ, ಹೆಂಡತಿ ಹೋಗಬೇಕು. ತೇಪೆಯ ಸೀರೆಯನ್ನುಟ್ಟು ಪೇಟೆಯ ದವಾಖಾನೆಯ ಸಾಲಿನಲ್ಲಿ ನಿಲ್ಲಲು ಆಕೆಗೆ ಧೈರ್ಯವಾಗದು. ನೆರೆಮನೆಯವಳ ಸೀರೆಯನ್ನು ಕಡ ತಂದು ಉಟ್ಟುಕೊಂಡು ಎರಡು ತಿಂಗಳು ಹೋಗಿಬಂದಳು. ಮೂರನೆಯ ತಿಂಗಳು ನೆರೆಮನೆಯವಳು ಆ ಸೀರೆಯನ್ನೇ ಉಟ್ಟು ತವರಿಗೆ ಹೋಗಿದ್ದಳು. ಗುಳಿಗೆ ಬರಲಿಲ್ಲ. ಕೆಮ್ಮು ತುಸು ಕಡಿಮೆಯಾಗಿದ್ದುದರಿಂದ ನೇಕಾರನು ಮತ್ತೆ ಮಗ್ಗಕ್ಕೆ ಇಳಿದನು.

ಮುಂದೆ ರೋಗವು ಮರುಕಳಿಸಿದಾಗ ಅವನನ್ನು ಬಂಡಿಯಲ್ಲಿ ಹಾಕಿಕೊಂಡು ಒಯ್ದರು. ಪುಕ್ಕಟೆ ಕೊಡುವ ಔಷಧವನ್ನು ಏಕೆ ಬಿಟ್ಟಿರೆಂದು ಅಲ್ಲಿಯ ಕಂಪೌಂಡರನು ಗದರಿಸಿದನು. ಆಕೆ ಸೆರಗನ್ನು ಎಳೆದುಕೊಳ್ಳುತ್ತ, "ಗುಳಿಗಿ ಪುಕ್ಕಟ ಅದಾವ್ರೀ ಎಪ್ಪಾ. ಮಗ್ಗ ನಿಲ್ಲಿಸಿ ಬರೂದು ಪುಕ್ಕಟ ಅಲ್ರೀ" ಎಂದಳು. ಸೀರೆಯ ಮಾತನ್ನು ಆಡಲಿಲ್ಲ. ಅದನ್ನು ಪರಪುರುಷನ ಮುಂದೆ ಹೇಗೆ ಆಡಿಯಾಳು? 1968ರ ಬೇಸಗೆಯಲ್ಲಿ ನೇಕಾರನು ತೀರಿಕೊಂಡನು. ಅವನ ಮಗನಿಗೆ ಆಗ ಹತ್ತು ವರ್ಷ.

ಇಂಥ ಸಾವುಗಳಿಗೆ ಬಡವರ ಅಜ್ಞಾನವೇ ಕಾರಣವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಆ ಕಾಲದ ಸಂಶೋಧನೆಯೇ ಬೇರೆ ಮಾತನ್ನು ಹೇಳಿತ್ತು. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ವಿಚಾರಣೆ ನಡೆಸಿ 1963ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ರೋಗಿಗಳಲ್ಲಿ ಬಹುಮಂದಿಗೆ ತಮ್ಮ ರೋಗಲಕ್ಷಣಗಳ ಅರಿವಿತ್ತು. ಅರ್ಧದಷ್ಟು ಜನ ತಾವಾಗಿಯೇ ಚಿಕಿತ್ಸೆಯನ್ನು ಅರಸಿ ಹೋಗಿದ್ದರು. ಹೋದವರು ಕೆಮ್ಮಿನ ಔಷಧದ ಸೀಸೆ ಹಿಡಿದು ಹಿಂದಿರುಗುತ್ತಿದ್ದರು. ಬಡವನು ಬಾಗಿಲಿಗೆ ಬಂದಿದ್ದನು. ಬಾಗಿಲು ಅವನನ್ನು ಗುರುತಿಸಲಿಲ್ಲ. ಅದಕ್ಕೂ ಮುಂಚೆ, 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಕ್ಷಯ ಚಿಕಿತ್ಸಾ ಸಂಶೋಧನ ಕೇಂದ್ರವು ಇನ್ನೊಂದು ಸತ್ಯವನ್ನು ತೋರಿಸಿತ್ತು. ಸ್ಯಾನಟೋರಿಯಮ್ಮಿನ ಹಾಸಿಗೆ, ಪುಷ್ಟಿಕರವಾದ ಊಟ, ವಿಶ್ರಾಂತಿ ಇವು ದೊರೆತ ರೋಗಿಗಳಂತೆಯೇ ಇಕ್ಕಟ್ಟಾದ ಮನೆಯಲ್ಲಿ ಗುಳಿಗೆ ನುಂಗಿದ ರೋಗಿಗಳೂ ಗುಣಮುಖರಾದರು. ನೇಕಾರನಿಗೆ ಬೇಕಾಗಿದ್ದುದು ಸ್ಯಾನಟೋರಿಯಮ್ ಅಲ್ಲ. ತಪ್ಪದ ಗುಳಿಗೆ, ಅದನ್ನು ತರಲು ಒಂದು ದಿನದ ಕೂಲಿ, ಆ ದಾರಿಯಲ್ಲಿ ಉಟ್ಟು ನಡೆಯಲು ಒಂದು ಸೀರೆ.

ಆ ಹುಡುಗನನ್ನು ಊರಿನ ಹಿರಿಯರೊಬ್ಬರು ಕರೆತಂದು ಮಠವೊಂದರ ಉಚಿತ ಪ್ರಸಾದನಿಲಯಕ್ಕೆ ಸೇರಿಸಿದರು. ಶಾಲೆ ಆರಂಭವಾಗುವ ಮುನ್ನ ಅಲ್ಲಿಗೆ ಬಿಳಿ ಬಟ್ಟೆಯ ಥಾನುಗಳು, ಖಾಕಿಯ ಥಾನುಗಳು ಬರುತ್ತಿದ್ದುವು. ಪಡಸಾಲೆಯಲ್ಲಿ ಹೊಲಿಗೆಯ ಯಂತ್ರವನ್ನಿಟ್ಟುಕೊಂಡ ಸಿಂಪಿಗನು ಸಾಲಾಗಿ ನಿಂತ ಹುಡುಗರ ಅಳತೆ ತೆಗೆದುಕೊಳ್ಳುತ್ತಿದ್ದನು. ಗೌಡರ ಮಗನಿಗೂ ಕೂಲಿಯವನ ಮಗನಿಗೂ ಒಂದೇ ಥಾನಿನ ಅಂಗಿ. ಶುಲ್ಕ ಕೊಟ್ಟವರಾರು, ಕೊಡದವರಾರು ಎಂಬುದು ಕಚೇರಿಯ ಪುಸ್ತಕಕ್ಕೆ ಮಾತ್ರ ಗೊತ್ತು, ಅಂಗಿಗೆ ಗೊತ್ತಿಲ್ಲ. ತಂದೆಯನ್ನು ಕಳೆದುಕೊಂಡ ಆ ಬಾಲಕನು ಮೊದಲ ಬಾರಿಗೆ ಇತರರ ಕಣ್ಣು ತನ್ನ ಮೈಮೇಲೆ ನಿಲ್ಲದೆ ಹಾದುಹೋಗುವುದನ್ನು ಕಂಡನು. ಆ ನೆಮ್ಮದಿಯಲ್ಲಿ ಅವನು ಪಾಠಕ್ಕೆ ಕಿವಿಗೊಟ್ಟನು.

ಇದರ ಬೆಲೆ ಅವನಿಗೆ ತಿಳಿದುದು ಕೆಲವು ವರ್ಷಗಳ ಮೇಲೆ. ಬೇರೊಂದು ಊರಿನ ಸಮಾರಂಭದಲ್ಲಿ ಬಡ ವಿದ್ಯಾರ್ಥಿಗಳನ್ನು ಹೆಸರು ಹಿಡಿದು ವೇದಿಕೆಗೆ ಕರೆದು, ತಂದೆಯಿಲ್ಲದವರೆಂದು ಸಾರಿ, ಬಟ್ಟೆ ಕೊಟ್ಟರು. ಚಪ್ಪಾಳೆಗಳಾದುವು, ಛಾಯಾಚಿತ್ರ ತೆಗೆದರು. ದಾನಿಗಳ ಮನಸ್ಸು ನಿರ್ಮಲವೇ ಆಗಿತ್ತು. ಬಟ್ಟೆಯೂ ಮಠದ ಬಟ್ಟೆಗಿಂತ ಮೇಲಾದುದು. ಆದರೂ ಆ ಹುಡುಗನು ಅದನ್ನು ಒಂದು ದಿನವೂ ತೊಡಲಿಲ್ಲ. ದಾನಕ್ಕೂ ದಾಸೋಹಕ್ಕೂ ಇರುವ ಅಂತರವು ಶಾಸ್ತ್ರಗ್ರಂಥದಲ್ಲಿ ಎಷ್ಟಿದೆಯೋ ಹತ್ತು ಹದಿನೈದರ ಹುಡುಗನ ಎದೆಯಲ್ಲಿಯೂ ಅಷ್ಟೇ ಇರುತ್ತದೆ. ದಾನದಲ್ಲಿ ಕೊಡುವ ಕೈ ಮೇಲೆ, ಕೊಳ್ಳುವ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸನು.

ಹೊದೆಯಲು ಬಟ್ಟೆ ಕೊಟ್ಟರೆ ಸಾಲದೇ, ಬಡವರಿಗೆ ಅಂದಚೆಂದವೇಕೆ ಎಂದು ಕೇಳುವವರುಂಟು. ಈ ಪ್ರಶ್ನೆಯನ್ನು ಅವರು ತಮಗೆ ಕೇಳಿಕೊಳ್ಳುವುದಿಲ್ಲ. ಗಾಂಧೀಜಿಯವರು 1921ರ ಸೆಪ್ಟೆಂಬರ್ 22ರಂದು ಮಧುರೆಯಲ್ಲಿ ತುಂಡು ಪಂಚೆಯನ್ನು ತೊಟ್ಟರು. ಅದು ಅವರು ತಾವಾಗಿಯೇ ವರಿಸಿದ ವ್ರತ. ವರಿಸಿದ ಬಡತನವು ತಪಸ್ಸು. ಹೇರಿದ ಬಡತನವು ಅಪಮಾನ. ಜಗತ್ತಿಗೆ ಚೆಂದದ ಸೀರೆಯನ್ನು ಕೊಡುವ ಬೆರಳುಗಳಿಗೆ ಆ ಚೆಂದದ ಹಂಬಲವಿರಬಾರದೆಂದು ವಿಧಿಸಲು ಯಾರಿಗೆ ಅಧಿಕಾರ? ಜಾತ್ರೆಗೆ, ಮದುವೆಗೆ, ಶಾಲೆಗೆ, ದವಾಖಾನೆಗೆ ತಲೆಯೆತ್ತಿ ಹೋಗಲು ಬೇಕಾಗುವಷ್ಟು ಚೆಲುವು ವಿಲಾಸವಲ್ಲ.

ಹಾಗೆಂದು, ಬಟ್ಟೆ ಅಗ್ಗವಾದೊಡನೆ ಧರ್ಮವು ನೆಲಸಿತೆಂದು ತಿಳಿಯುವುದೂ ಸಲ್ಲದು. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಢಾಕಾ ಬಳಿಯ ಸಾವಾರಿನಲ್ಲಿ ರಾಣಾ ಪ್ಲಾಜಾ ಎಂಬ ಕಟ್ಟಡವು ಕುಸಿದು 1,100ಕ್ಕೂ ಹೆಚ್ಚು ಜನ ಮಡಿದರು. ಅವರು ದೂರದೇಶಗಳ ಅಂಗಡಿಗಳಿಗೆ ಅಗ್ಗದ ಉಡುಪು ಹೊಲಿಯುತ್ತಿದ್ದವರು. ಗೋಡೆಗಳಲ್ಲಿ ಬಿರುಕು ಕಂಡಿದ್ದರೂ ಅವರನ್ನು ಕೆಲಸಕ್ಕೆ ಕರೆಯಲಾಗಿತ್ತು. ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳ ಸಾವಿರಾರು ಹೆಣ್ಣುಮಕ್ಕಳು 2016ರ ಏಪ್ರಿಲಿನಲ್ಲಿ ಬೀದಿಗಿಳಿದುದು ತಮ್ಮ ಭವಿಷ್ಯನಿಧಿಯ ಅಲ್ಪ ಉಳಿತಾಯವನ್ನು ಕಾಪಾಡಿಕೊಳ್ಳಲು. ಸರಕಾರವು ಹೊಸ ನಿಯಮವನ್ನು ಹಿಂತೆಗೆದುಕೊಂಡಿತು. ಒಬ್ಬರಿಗೆ ಅಗ್ಗವಾದುದು ಇನ್ನೊಬ್ಬರ ಮೈಯಿಂದ ಕಿತ್ತುದಾದರೆ ಅದು ನಿಲುಕಿದಂತಲ್ಲ, ನೋವು ಮನೆ ಬದಲಿಸಿದಂತೆ. ಕಾಯಕಕ್ಕೆ ತಕ್ಕ ಕೂಲಿ, ಉಡುವವನಿಗೆ ತಾಳುವ ಬೆಲೆ, ಇವೆರಡೂ ಕೂಡಬೇಕು. ಕೇಂದ್ರ ಸರಕಾರವು 1976ರಲ್ಲಿ ತಂದ ಜನತಾ ಬಟ್ಟೆಯ ಯೋಜನೆಯ ಉದ್ದೇಶವೂ ಅದೇ ಆಗಿತ್ತು: ಕೈಮಗ್ಗದವನಿಗೆ ಕೆಲಸ, ಬಡವನಿಗೆ ಸುಲಭ ಬೆಲೆಯ ಸೀರೆ, ಪಂಚೆ. ಆ ಯೋಜನೆ ಈಗ ಉಳಿದಿಲ್ಲ. ಅದು ಎತ್ತಿದ ಪ್ರಶ್ನೆ ಉಳಿದಿದೆ.

ಇಷ್ಟಕ್ಕೆಲ್ಲ ಹಣವೆಲ್ಲಿಂದ ಎಂಬುದು ಕೊನೆಯ ಆಕ್ಷೇಪ. ಅದಕ್ಕೆ ಉತ್ತರವು ಕನ್ನಡನಾಡಿನಲ್ಲಿಯೇ ಉಂಟು. 2003ರ ಜೂನಿನಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆಯಲ್ಲಿ ಸಹಕಾರ ಸಂಘದ ರೈತ ಸದಸ್ಯನು ಕೊಟ್ಟುದು ಮೊದಲಿಗೆ ತಿಂಗಳಿಗೆ 5 ರೂಪಾಯಿ. ಲಕ್ಷಾಂತರ ಕೈಗಳ ಐದೈದು ರೂಪಾಯಿಗಳು ಕೂಡಿ, ಸರಕಾರದ ಪಾಲೂ ಸೇರಿ, ಹೊಲ ಮಾರಿದರೂ ಆಗದಿದ್ದ ಹೃದಯದ ಶಸ್ತ್ರಚಿಕಿತ್ಸೆಯು ಒಕ್ಕಲಿಗನಿಗೆ ನಿಲುಕಿತು. 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ವಿಲೀನವಾದ ಆ ಯೋಜನೆಯನ್ನು 2022-23ರಲ್ಲಿ ಮತ್ತೆ ಜಾರಿಗೊಳಿಸಬೇಕಾಯಿತು. ಮನೆಮನೆಯ ಹಿಡಿ ಜೋಳ ಕೂಡಿ ಮಠದ ದಾಸೋಹ ನಡೆದುಬಂದುದೂ ಇದೇ ಲೆಕ್ಕದಲ್ಲಿ. ಕ್ಷಯರೋಗಿಗೆ ಗುಳಿಗೆಯೊಂದೇ ಸಾಲದೆಂಬುದನ್ನೂ ಸರಕಾರವು ತಡವಾಗಿಯಾದರೂ ಮನಗಂಡಿತು. ಅವನ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುವ ಏರ್ಪಾಡಾಗಿ, 2024ರ ನವೆಂಬರಿನಿಂದ ಅದು 1,000 ರೂಪಾಯಿಯಾಯಿತು. ಅರ್ಧ ಶತಮಾನದ ಹಿಂದೆ ನೇಕಾರನ ಹೆಂಡತಿ ಹೇಳಿದ ಮಾತಿಗೆ ಇದು ಒಂದು ಬಗೆಯ ಮರುನುಡಿ.

ಹಣದಿಂದ ಆಗದ ಕೆಲಸವೂ ಉಂಟು. ಇಳಕಲ್ಲಿನ ಲಿಂಗೈಕ್ಯ ಡಾ. ಮಹಾಂತ ಸ್ವಾಮಿಗಳು 1975ರಿಂದ ಜೋಳಿಗೆ ಹಿಡಿದು ಊರೂರು ತಿರುಗಿ ಕಾಳನ್ನೂ ಕಾಸನ್ನೂ ಬೇಡದೆ ಜನರ ದುಶ್ಚಟಗಳನ್ನು ಬೇಡಿದರು. ಕುಡಿತಕ್ಕೆ ಹೋಗುತ್ತಿದ್ದ ಕೂಲಿಯು ಮನೆಗೆ ಬಂದರೆ ಮೊದಲು ಹೆಂಡತಿಯ ಮೈಮೇಲೆ ಸೀರೆಯಾಗುತ್ತದೆ, ಆಮೇಲೆ ಮಕ್ಕಳ ಕೈಗೆ ಔಷಧವಾಗುತ್ತದೆ. ಆ ಜೋಳಿಗೆ ಬರಿದೆಂದು ಯಾರೂ ಹೇಳಲಾರರು.

ಇನ್ನು, ಆ ಹುಡುಗನ ಮಾತು. ಓದು ಮುಗಿಸಿ 1980ರಲ್ಲಿ ಅವನು ಶಿಕ್ಷಕನಾದನು. ಮೊದಲ ಸಂಬಳದಲ್ಲಿ ತಾಯಿಗೆ ಗೋಮಿ ದಡಿಯ ಸೀರೆಯೊಂದನ್ನು ನೇಕಾರರ ಸಂಘದಲ್ಲಿ, ಚೌಕಾಸಿ ಮಾಡದೆ, ಕೊಂಡು ತಂದನು. ಆಕೆ ಸೆರಗನ್ನು ತಿರುಗಿಸಿ ಕೊಂಡಿಗಳನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಯಾವ ಕೈಯ ಕೆಲಸವೆಂದು ಕೇಳಿದಳು. ಅದನ್ನುಟ್ಟು ಆಕೆ ಮೊದಲು ಹೋದುದು ಜಾತ್ರೆಗಲ್ಲ; ಬಹುದಿನಗಳಿಂದ ಮಂಜಾಗಿದ್ದ ಕಣ್ಣನ್ನು ತೋರಿಸಲು ದವಾಖಾನೆಗೆ. ಅಲ್ಲಿ ಸಾಲಿನಲ್ಲಿ ಎಲ್ಲರ ನಡುವೆ ನಿಂತಳು.

ಆ ಶಿಕ್ಷಕರು 2018ರಲ್ಲಿ ನಿವೃತ್ತರಾದಾಗ ಹಳೆಯ ವಿದ್ಯಾರ್ಥಿಗಳು ಶಾಲು ಹೊದಿಸಿ ಸನ್ಮಾನಿಸಲು ಮುಂದಾದರು. ಗುರುಗಳು ಶಾಲು, ಹಾರಗಳನ್ನು ಬೇಡವೆಂದು, ಅದರ ಹಣದಲ್ಲಿ ಊರಿನ ರೋಗಿಗಳನ್ನು ದವಾಖಾನೆಗೆ ಕರೆದೊಯ್ಯುವ ಬಸ್ಸಿನ ವೆಚ್ಚಕ್ಕೆ ಒಂದು ನಿಧಿಯನ್ನು ಮಾಡಿರೆಂದು ಕೇಳಿಕೊಂಡರು. ಕೊಡುವವರ ಹೆಸರನ್ನು ಎಲ್ಲಿಯೂ ಬರೆಯಬಾರದು, ಪಡೆಯುವವರ ಹೆಸರನ್ನು ಎಲ್ಲಿಯೂ ಓದಬಾರದು ಎಂಬುದಷ್ಟೇ ಅವರು ಹಾಕಿದ ನಿಯಮ. ನಿಧಿಯು ಚಿಕ್ಕದು; ಅದರ ನಿಯಮವು ದೊಡ್ಡದು. ಮಠದ ಅನ್ನವನ್ನುಂಡು, ಮಠದ ಅಂಗಿಯನ್ನು ತೊಟ್ಟು ಬೆಳೆದವರು, ಇಂದು ಕೊಡುವ ಸ್ಥಿತಿಗೆ ಬಂದವರು, ಎಷ್ಟು ಕೊಟ್ಟೆವೆಂಬುದಕ್ಕಿಂತ ಮುಂಚೆ, ಪಡೆದವರು ತಲೆಯೆತ್ತಿ ಮನೆಗೆ ಹೋದರೇ ಎಂದು ನೋಡುವುದು ಒಳಿತು.