ಬೆಂಕಿ ಕಟ್ಟಿಸಿದ ಅರಮನೆ

ಅರಮನೆಗೆ ಹೋದೋರೆಲ್ಲ ದೀಪ ನೋಡ್ತಾರೆ, ಅಂಬಾರಿ ನೋಡ್ತಾರೆ. ನಾನು ಕಂಬ ನೋಡ್ತೀನಿ. ಹೊಗೆಸೊಪ್ಪಿನ ಊರಿನವನಲ್ವಾ, ಬೆಂಕಿ ಎಲ್ಲಿಂದ ಹತ್ತಬಹುದು ಅಂತ ಕಣ್ಣು ತಾನಾಗೇ ಹುಡುಕುತ್ತೆ.

ಹಳೇ ಅರಮನೆ ಬಹುಪಾಲು ಮರದ್ದು. 1897ರ ಫೆಬ್ರವರಿಯಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆ ಸಮಯದಲ್ಲೇ ಹೊತ್ತಿಕೊಂಡು ಸುಟ್ಟುಹೋಯ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ ಆಗಿನ್ನೂ ಹುಡುಗ. ರಾಜ್ಯಭಾರ ನೋಡ್ತಿದ್ದ ತಾಯಿ ವಾಣಿವಿಲಾಸ ಸನ್ನಿಧಾನ ಅದೇ ವರ್ಷ ಹೆನ್ರಿ ಇರ್ವಿನ್‌ಗೆ ಹೊಸ ಅರಮನೆಯ ಕೆಲಸ ಒಪ್ಪಿಸಿದರು. ಶಿಮ್ಲಾದ ವೈಸರಾಯ್ ಬಂಗಲೆ ಕಟ್ಟಿದಾತ ಈತನೇ. 1912ಕ್ಕೆ ಮುಗಿದಾಗ ಆದ ಖರ್ಚು 41,47,913 ರೂಪಾಯಿ. ಕೊನೇ ಹದಿಮೂರು ರೂಪಾಯಿಯನ್ನೂ ಬಿಡದೆ ಬರೆದಿಟ್ಟವರಿಗೆ ನನ್ನದೊಂದು ನಮಸ್ಕಾರ :-)

ಈ ಸಲ ಮರ ಹಿಂದೆ ಸರಿದು ಕಲ್ಲು, ಕಬ್ಬಿಣ ಮುಂದೆ ಬಂದವು. ಕಲ್ಯಾಣ ಮಂಟಪದ ಎರಕದ ಕಬ್ಬಿಣದ ಕಂಬಗಳು ಗ್ಲಾಸ್ಗೋದಿಂದ ಹಡಗಲ್ಲಿ ಬಂದಂಥವು. ಮೇಲೆ ನವಿಲುಗಳ ಬಣ್ಣದ ಗಾಜು. ಮದುವೆ ಹೊತ್ತಲ್ಲಿ ಸುಟ್ಟ ಮನೆಗೆ ಮದುವೆ ಮಂಟಪವನ್ನೇ ಕಬ್ಬಿಣದಲ್ಲಿ ಕಟ್ಟಿದ್ದಾರೆ ನೋಡಿ! ಆದರೂ ಅಂಬಾವಿಲಾಸದ ಚಾವಣಿಯಲ್ಲಿ ತೇಗದ ಕೆತ್ತನೆ ಇದೆ. ಮರದ ಮೋಹ ಅಷ್ಟು ಸುಲಭಕ್ಕೆ ಬಿಡಲ್ಲ.

ನಮ್ಮ ಕಟ್ಟೆಮಳಲವಾಡಿ ಕಡೆ ಹೊಗೆಸೊಪ್ಪು ಬೇಯಿಸೋ ಬ್ಯಾರನ್ ನೋಡಿದೋರಿಗೆ ನನ್ನ ಮಾತು ಅರ್ಥವಾದೀತು. ಕಿಟಕಿ ಇಲ್ಲದ ಎತ್ತರದ ಕೋಣೆ. ಹೊರಗೆ ಒಲೆ, ನೆಲದ ಮೇಲೆ ಕಾದ ತಗಡಿನ ಕೊಳವೆ, ಮೇಲೆ ಅಡ್ಡಮರಗಳ ಸಾಲು, ಅವುಗಳಿಗೆ ಕಡ್ಡಿ ಕಟ್ಟಿ ತೂಗುಬಿಟ್ಟ ಎಲೆ. ಐದಾರು ದಿನ ಹಗಲೂ ರಾತ್ರಿ ಕಾವು ಏರಿಸ್ತಾ ಹೋಗ್ಬೇಕು. ಕೊನೆಗೆ ಎಲೆ ಗರಿಗರಿ ಆದಾಗ ಒಂದೇ ಒಂದು ಉದುರಿ ಕೊಳವೆ ಮೇಲೆ ಬಿದ್ರೆ ಸಾಕು.

ನಮ್ಮ ಚಿಕ್ಕಪ್ಪನ ಬ್ಯಾರನ್ ಹಾಗೇ ಹೋಯ್ತು. ಗಾಡಿ ಬರೋ ಹೊತ್ತಿಗೆ ಗೋಡೆ ಮಾತ್ರ ನಿಂತಿತ್ತು. ವರ್ಷದ ಸಾಲ ತೀರಿಸಬೇಕಿದ್ದ ಸೊಪ್ಪು. ಅವತ್ತು ಚಿಕ್ಕಮ್ಮ ಅಳಲಿಲ್ಲ, ಬಾವಿಯಿಂದ ನೀರು ಸೇದ್ತಾನೇ ಇದ್ರು. ಬೇಡ ಅಂದ್ರೂ ಕೇಳಲಿಲ್ಲ.

ಈಗ ಅದೇ ಗೋಡೆ ಮೇಲೆ ಮತ್ತೆ ಕಟ್ತಿದಾರೆ. ಅಡ್ಡಮರದ ಬದಲು ಕಬ್ಬಿಣದ ಪೈಪು, ಕೊಳವೆ ಮೇಲೆ ತಂತಿ ಬಲೆ ಹಾಕ್ಸಿ ಅಂತ ನಾನು. 'ದುಡ್ಡು ಯಾರಪ್ಪನ ಮನೆದು?' ಅಂತ ಅವ್ರು. ಕೊನೆಗೆ ಬಲೆಗೆ ಒಪ್ಪಿದಾರೆ. ಪೈಪಿನ ದುಡ್ಡು ನನ್ನ ಈ ತಿಂಗಳ ಸಂಬಳದಲ್ಲಿ ಕಳಿಸ್ತಿದೀನಿ.